ಕೆಳಗಿನ ದನಿ ನಡೆಯತೊಡಗಿದಾಗ: ಚಾರ್ಲ್ಸ್ ಮಿಂಗಸ್ ಮತ್ತು ಜಾಝ್‌ನ ಬೇಸ್

ನಮ್ಮ ಕೊಪ್ಪಳ ಕಡೆ ‘ಬೇಸು’ ಅಂದರೆ ಚಲೋ ಅಂತ ಅರ್ಥ. “ಹೆಂಗದೀಯಪಾ?” ಅಂದರೆ “ಬೇಸು ಅದೀನ್ರಿ” ಅನ್ನುತ್ತೇವೆ. ಗಣಪತಿ ಮೆರವಣಿಗೆಗೆ ಡಿಜೆ ಬಂದ ಮೇಲೆ ಅದೇ ಪದಕ್ಕೆ ಇನ್ನೊಂದು ಅರ್ಥ ಸೇರಿತು. ದೊಡ್ಡ ಸ್ಪೀಕರಿನಿಂದ ಎದ್ದು ಎದೆಗೆ ಗುದ್ದುವ ತಗ್ಗಿನ ಸದ್ದೂ ಈಗ ‘ಬೇಸ್’. ನಾನು ಇಲ್ಲಿ ಬರೆಯುತ್ತಿರುವುದು ಮೂರನೆಯ ಬೇಸ್ ಬಗ್ಗೆ. ಅದೊಂದು ವಾದ್ಯ. ನೋಡಲು ಆಳೆತ್ತರದ ಪಿಟೀಲು. ಅಮೆರಿಕದ ಕಪ್ಪು ಜನರು ಕಟ್ಟಿ ಬೆಳೆಸಿದ ಜಾಝ್ ಸಂಗೀತದಲ್ಲಿ ಎಲ್ಲರ ಹಿಂದೆ ನಿಂತು ಇದನ್ನು ನುಡಿಸುತ್ತಾರೆ. ಹಾಗೆ ಹಿಂದೆ ನಿಂತೇ ಇಡೀ ಮೇಳವನ್ನು ಆಳಿದವರು ಚಾರ್ಲ್ಸ್ ಮಿಂಗಸ್.

ನಮ್ಮೂರಿನ ಭಜನಾ ಮಂಡಳಿಯಲ್ಲಿ ನಾನು ತಬಲಾ ಬಾರಿಸುತ್ತೇನೆ. ಪ್ರತಿ ಸೋಮವಾರ ರಾತ್ರಿ ಬಸವಣ್ಣನ ಗುಡಿಯಲ್ಲಿ ಕೂಡುತ್ತೇವೆ. ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವವರು ನಮ್ಮ ತಂದೆಯ ಗೆಳೆಯರು. ನಾವೆಲ್ಲ ಕಾಕಾ ಅನ್ನುತ್ತೇವೆ. ಒಂದು ರಾತ್ರಿ ಭಜನೆ ಮುಗಿದ ಮೇಲೆ ಅವರಿಗೆ ಫೋನಿನಲ್ಲಿ ಮಿಂಗಸ್ ಹಾಕಿ ಕೇಳಿಸಿದೆ. “ಊದೋದು ಕೇಳಾಕತ್ತೈತಿ. ನೀ ಹೇಳಿದ ಮನಷ್ಯಾ ಎಲ್ಲದಾನ?” ಅಂದರು. ತಪ್ಪು ಅವರ ಕಿವಿಯದಲ್ಲ. ಬೇಸ್‌ನ ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಅಲುಗುತ್ತದೆ. ಗಂಡಸು ಸಾಮಾನ್ಯವಾಗಿ ಮಾತಾಡುವ ದನಿಯೇ ಸೆಕೆಂಡಿಗೆ 100ರ ಆಸುಪಾಸು. ಅಷ್ಟು ಕೆಳಗಿನ ದನಿಯನ್ನು ಹೊರಡಿಸಲು ಹೆಚ್ಚು ಗಾಳಿ ತಳ್ಳಬೇಕು. ಫೋನಿನ ಉಗುರಗಲದ ಸ್ಪೀಕರಿಗೆ ಆ ಶಕ್ತಿ ಇಲ್ಲ. ಇಯರ್‌ಫೋನ್ ಕೊಟ್ಟೆ. ಕಣ್ಣು ಮುಚ್ಚಿ ಎರಡು ನಿಮಿಷ ಕೇಳಿದರು. ಆಮೇಲೆ ಹೀಗೆ ಕೇಳಿದರು: “ತಮ್ಮಾ, ಕೆಳಗಿನ ಸುರ ಒಂದ ಕಡಿ ನಿಲ್ಲವಲ್ದು. ಬುಡಾನ ಕದಲಿದ್ರ ಹಾಡು ಹೆಂಗ ನಿಲ್ತೈತಿ?”

ಅವತ್ತು ನನಗೆ ಸರಿಯಾಗಿ ಹೇಳಲು ಆಗಲಿಲ್ಲ. ಈಗ ಹೇಳುತ್ತೇನೆ.

ನಮ್ಮ ಕಿವಿ ಬೆಳೆದದ್ದು ತಂಬೂರಿಯ ಜೊತೆ. ತತ್ವಪದ ಹಾಡುವವರ ಏಕತಾರಿ ಇರಲಿ, ಪೇಟಿಯಲ್ಲಿ ಎಳೆದು ಬಿಟ್ಟ ಶ್ರುತಿ ಇರಲಿ, ಕೆಳಗೆ ಷಡ್ಜ ಅಲುಗದೆ ನಿಂತಿರುತ್ತದೆ. ಹಾಡುವವರು ಎಷ್ಟು ಎತ್ತರ ಹೋದರೂ ಕೊನೆಗೆ ಇಳಿಯಲು ಆ ನೆಲ ಇದೆ ಅನ್ನುವ ಧೈರ್ಯ ಇರುತ್ತದೆ. ಜಾಝ್‌ನಲ್ಲಿ ಆ ನೆಲವೇ ನಡೆಯುತ್ತದೆ. ಒಂದೊಂದು ಮಾತ್ರೆಗೂ ಬೇಸ್ ಒಂದು ಸ್ವರ ಮೀಟುತ್ತ ಹೋಗುತ್ತದೆ. ಅಲ್ಲಿನವರು ಇದನ್ನು ‘ವಾಕಿಂಗ್ ಬೇಸ್’ ಅನ್ನುತ್ತಾರೆ, ಅಂದರೆ ನಡೆಯುವ ಬೇಸ್. ಮೊಹರಂನಲ್ಲಿ ನಮ್ಮ ಹೆಜ್ಜೆ ಮೇಳದವರು ಪದದ ಜೊತೆ ಹೆಜ್ಜೆ ಹಾಕುತ್ತಾರಲ್ಲ, ಹಾಗೆ ಒಂದು ಹೆಜ್ಜೆಯೂ ತಪ್ಪದ ನಡಿಗೆ.

ನೆಲ ನಡೆದರೆ ಏನಾಗುತ್ತದೆ ಅನ್ನುವುದನ್ನು ಓದಿ ತಿಳಿಯುವುದು ಕಷ್ಟ. ಪೇಟಿ ಸಿಕ್ಕರೆ ನೀವೇ ಮಾಡಿ ನೋಡಿ. ಬಿಳಿ ಒಂದನ್ನು, ಅಂದರೆ ಎರಡು ಕರಿ ಮನೆಗಳ ಗುಂಪಿನ ಎಡಕ್ಕಿರುವ ಬಿಳಿ ಮನೆಯನ್ನು, ಸ ಅಂತ ಇಟ್ಟುಕೊಳ್ಳಿ. ಮೇಲಿನ ಸಪ್ತಕದ ಸ ಒತ್ತಿ ಹಿಡಿಯಿರಿ. ಬಿಡಬೇಡಿ. ಈಗ ಇನ್ನೊಂದು ಬೆರಳಿಂದ ಕೆಳಗಿನ ಸ ಒತ್ತಿ. ಎರಡೂ ಒಂದೇ, ಮನೆಯಲ್ಲಿ ಕೂತ ಹಾಗೆ. ಕೆಳಗಿನ ಬೆರಳನ್ನು ಮ ಮೇಲೆ ಇಡಿ. ಮೇಲಿನ ಸ ಬದಲಾಗಿಲ್ಲ, ಆದರೆ ಕಿವಿಗೆ ಅದು ಪ ಆಗಿ ಕೇಳುತ್ತದೆ, ಯಾಕೆಂದರೆ ಮ ಅನ್ನು ಸ ಅಂದುಕೊಂಡರೆ ಅಲ್ಲಿಂದ ಎಣಿಸಿದಾಗ ಅದು ಪಂಚಮ. ಈಗ ಕೆಳಗೆ ಶುದ್ಧ ಧ ಒತ್ತಿ. ಅದೇ ಸ ಈಗ ಕೋಮಲ ಗಾಂಧಾರವಾಯಿತು, ಅಂದರೆ ಶುದ್ಧ ಗಕ್ಕಿಂತ ಒಂದು ಮನೆ ಕೆಳಗಿನ ಗ. ಮನಸ್ಸು ಸಣ್ಣಗೆ ಭಾರವಾಗುತ್ತದೆ. ಕೆಳಗಿನ ಬೆರಳನ್ನು ಎಡಪಕ್ಕದ ಕರಿ ಮನೆಗೆ, ಕೋಮಲ ಧಕ್ಕೆ ಸರಿಸಿ. ಮೇಲಿನ ಸ ಶುದ್ಧ ಗಾಂಧಾರವಾಗಿ ಅರಳುತ್ತದೆ. ಮೇಲಿನ ಬೆರಳು ಎದ್ದೇ ಇಲ್ಲ. ಹಾಡುವವರು ಒಂದೇ ಸ್ವರ ಹಿಡಿದು ನಿಂತಿದ್ದಾರೆ, ಅದರ ಅರ್ಥವನ್ನು ಕೆಳಗಿನವರು ಮೂರು ಸಲ ಬದಲಿಸಿದರು.

ಬೇಸ್ ಮಾಡುವ ಕೆಲಸದ ತಿರುಳು ಇದು. ತಾಳ ಹಿಡಿಯುವುದು ಅದರ ಅರ್ಧ ಕೆಲಸ ಮಾತ್ರ. ಮೇಲಿನವರ ಪ್ರತಿ ಸ್ವರಕ್ಕೂ ಅರ್ಥ ಕೊಡುವುದು ಉಳಿದರ್ಧ.

ಹಾಗಂತ ಬೇಸ್ ತನಗೆ ಬೇಕಾದಲ್ಲಿ ನಡೆಯುವುದಿಲ್ಲ. ಅದಕ್ಕೊಂದು ಹಾದಿ ಇದೆ. ಎಲ್ಲಕ್ಕಿಂತ ಹೆಚ್ಚು ಬಳಸುವ ಹಾದಿಗೆ ಬ್ಲೂಸ್ ಅನ್ನುತ್ತಾರೆ. ಸಾಮಾನ್ಯವಾಗಿ ನಾಲ್ಕು ಮಾತ್ರೆಯ ಹನ್ನೆರಡು ಆವರ್ತನ. ಮೊದಲ ನಾಲ್ಕು ಆವರ್ತನ ಸ ನೆಲ. ಆಮೇಲೆ ಎರಡು ಮ, ಎರಡು ಸ. ಬಳಿಕ ಒಂದು ಪ, ಒಂದು ಮ, ಕೊನೆಗೆ ಎರಡು ಸ. ಅಲ್ಲಿಗೆ ಒಂದು ಸುತ್ತು ಮುಗಿಯಿತು. ಮತ್ತೆ ಮೊದಲಿಂದ. ಊದುವವರು, ಪಿಯಾನೋದವರು ಎಲ್ಲರೂ ಈ ಸುತ್ತಿನ ಮೇಲೆ ಸರದಿಯಂತೆ ತಮ್ಮ ಕಲ್ಪನೆ ಹರಿಸುತ್ತಾರೆ. ಹಾದಿ ಒಂದೇ, ನಡಿಗೆ ಮಾತ್ರ ಬೇಸ್‌ನವರದು. ಸ ನೆಲದಿಂದ ಮ ನೆಲಕ್ಕೆ ಹೋಗಬೇಕಾದಾಗ ಅವರು ಸುಮ್ನೆ ಜಿಗಿಯುವುದಿಲ್ಲ. ಸ, ರಿ, ಕೋಮಲ ಗ, ಶುದ್ಧ ಗ ಅಂತ ನಾಲ್ಕು ಹೆಜ್ಜೆ ಇಟ್ಟು ಐದನೆಯ ಹೆಜ್ಜೆಗೆ ಮ ಮೇಲೆ ಕಾಲಿಡುತ್ತಾರೆ. ಕೇಳುವವರಿಗೆ ಒಂದು ಮೆಟ್ಟಿಲು ಹತ್ತಿದ ಅನುಭವ. 1930ರ ದಶಕದಲ್ಲಿ ಕೌಂಟ್ ಬೇಸಿಯವರ ಮೇಳದಲ್ಲಿದ್ದ ವಾಲ್ಟರ್ ಪೇಜ್ ಈ ನಡಿಗೆಯನ್ನು ಗಟ್ಟಿ ಮಾಡಿದರು. ಅದೇ ದಶಕದ ಕೊನೆಗೆ ಡ್ಯೂಕ್ ಎಲಿಂಗ್ಟನ್ ಮೇಳಕ್ಕೆ ಬಂದ ಜಿಮ್ಮಿ ಬ್ಲಾಂಟನ್, ಬೇಸ್ ಬರೀ ನಡೆಯುವುದಷ್ಟೇ ಅಲ್ಲ, ಹಾಡಬಲ್ಲದು ಅಂತಲೂ ತೋರಿಸಿದರು. ಕ್ಷಯ ರೋಗದಿಂದ 23ನೆಯ ವಯಸ್ಸಿಗೇ ತೀರಿಕೊಂಡರು. ಮಿಂಗಸ್ ಅವರ ಬೆರಳುಗಳಲ್ಲಿ ಬ್ಲಾಂಟನ್ ಇದ್ದಾರೆ.

ಮಿಂಗಸ್ ಹುಟ್ಟಿದ್ದು 1922ರ ಏಪ್ರಿಲ್ 22ರಂದು, ಅರಿಜೋನಾದ ಗಡಿ ಊರು ನೊಗಾಲೆಸ್‌ನಲ್ಲಿ. ತಂದೆ ಸೈನ್ಯದಲ್ಲಿದ್ದರು. ಕೂಸಿಗೆ ವರ್ಷ ತುಂಬುವ ಮೊದಲೇ ತಾಯಿ ಹೋದರು. ಬೆಳೆದದ್ದು ಲಾಸ್ ಏಂಜಲೀಸಿನ ವಾಟ್ಸ್ ಎಂಬ ಕಡೆ, ಮಲತಾಯಿಯ ಕೈಯಲ್ಲಿ. ಮನೆಯಲ್ಲಿ ಚರ್ಚಿನ ಹಾಡು ಬಿಟ್ಟು ಬೇರೆ ಸಂಗೀತಕ್ಕೆ ಜಾಗ ಇರಲಿಲ್ಲ. ಆದರೆ ಆ ಚರ್ಚಿನ ಹಾಡೇ ಹುಡುಗನಿಗೆ ಮೊದಲ ಪಾಠಶಾಲೆಯಾಯಿತು. ಮಲತಾಯಿ ಕರೆದುಕೊಂಡು ಹೋಗುತ್ತಿದ್ದ ಹೋಲಿನೆಸ್ ಪಂಥದ ಚರ್ಚಿನಲ್ಲಿ ಯಾರೂ ಸುಮ್ಮನೆ ಕೂರುತ್ತಿರಲಿಲ್ಲ. ಬೋಧಕರು ಒಂದು ಸಾಲು ಕೂಗಿದರೆ ಜನ ಉತ್ತರ ಕೊಡಬೇಕು. ಚಪ್ಪಾಳೆ, ಕೂಗು, ಅಳು, ಮೈಮೇಲೆ ಬಂದವರ ಕುಣಿತ, ಎಲ್ಲವೂ ಹಾಡಿನೊಳಗೇ.

ಇದನ್ನು ಓದಿದಾಗ ನನಗೆ ಪರದೇಶದ ಸಂಗತಿ ಅನ್ನಿಸಲೇ ಇಲ್ಲ. ಬುರ್ರಕಥೆಯಲ್ಲಿ ಮುಂದಿನವರು ಸಾಲು ಎತ್ತಿದರೆ ಪಕ್ಕದವರು ಹೂಂಗುಟ್ಟಿ ಅದನ್ನು ಹಿಡಿಯುತ್ತಾರೆ. ನಮ್ಮ ಭಜನೆಯಲ್ಲೂ ಅಷ್ಟೆ. ಒಬ್ಬರು ಹಾಡಿ ಬಿಟ್ಟ ಸಾಲನ್ನು ಉಳಿದವರು ಎತ್ತಿಕೊಳ್ಳದಿದ್ದರೆ ಹಾಡು ಅಲ್ಲೇ ಬಿದ್ದುಹೋಗುತ್ತದೆ. ಮಿಂಗಸ್ ಮುಂದೆ ದೊಡ್ಡವರಾದ ಮೇಲೆ ‘ವೆಡ್ನೆಸ್‌ಡೇ ನೈಟ್ ಪ್ರೇಯರ್ ಮೀಟಿಂಗ್’ ಅಂತ ಒಂದು ಕೃತಿ ಮಾಡಿದರು. ಬುಧವಾರ ರಾತ್ರಿಯ ಪ್ರಾರ್ಥನೆ ಕೂಟ. ನಮ್ಮದು ಸೋಮವಾರ ರಾತ್ರಿ, ಅವರದು ಬುಧವಾರ ರಾತ್ರಿ! ಅದನ್ನು ಕೇಳಿದರೆ ಊದುವ ವಾದ್ಯಗಳೇ ಒಂದರ ಸಾಲನ್ನು ಇನ್ನೊಂದು ಎತ್ತಿಕೊಳ್ಳುವುದು ತಿಳಿಯುತ್ತದೆ.

ಹುಡುಗ ಮೊದಲು ಹಿಡಿದದ್ದು ಟ್ರಾಂಬೋನ್ ಎಂಬ ಊದುವ ವಾದ್ಯ. ಅದು ಒಗ್ಗಲಿಲ್ಲ. ಆಮೇಲೆ ಚೆಲ್ಲೊ. ಇದು ಪಿಟೀಲಿಗಿಂತ ದೊಡ್ಡದು, ಬೇಸ್‌ಗಿಂತ ಚಿಕ್ಕದು, ಕಾಲುಗಳ ನಡುವೆ ಇಟ್ಟು ಕೂತು ನುಡಿಸುವಂಥದು. ಕಲಿಸಲು ಬಂದವರು ಮನೆಮನೆ ತಿರುಗಿ ಪಾಠ ಹೇಳುವ ಮಾಸ್ತರರು. ಅವರು ಸ್ವರಲಿಪಿ ಓದುವುದನ್ನು ಸರಿಯಾಗಿ ಕಲಿಸಲೇ ಇಲ್ಲ. ಹುಡುಗ ಕಿವಿಯಿಂದ ಕೇಳಿ ನುಡಿಸುತ್ತಿದ್ದ. ಶಾಲೆಯ ವಾದ್ಯಮೇಳಕ್ಕೆ ಹೋದಾಗ ಉಳಿದವರು ಕಾಗದ ನೋಡಿ ನುಡಿಸುವ ವೇಗಕ್ಕೆ ಇವನಿಗೆ ಓದಲು ಬರಲಿಲ್ಲ.

ಆದರೆ ಚೆಲ್ಲೊ ಬಿಟ್ಟು ಬೇಸ್ ಹಿಡಿಯಲು ಅದೊಂದೇ ಕಾರಣವಲ್ಲ. ಗೆಳೆಯ ಬಡ್ಡಿ ಕೊಲೆಟ್ ಅವನಿಗೆ ನೇರವಾಗಿ ತಿಳಿಸಿ ಹೇಳಿದ್ದ: ಕಪ್ಪು ಹುಡುಗನನ್ನು ಶಾಸ್ತ್ರೀಯ ವಾದ್ಯಮೇಳದವರು ಸೇರಿಸಿಕೊಳ್ಳುವುದಿಲ್ಲ, ಬೇಸ್ ಕಲಿತರೆ ಜಾಝ್ ಮೇಳದಲ್ಲಾದರೂ ಕೆಲಸ ಸಿಗುತ್ತದೆ. ಅಂದರೆ ಜಗತ್ತಿಗೆ ಅಷ್ಟು ದೊಡ್ಡ ಬೇಸ್ ವಾದಕ ಸಿಕ್ಕಿದ್ದರ ಹಿಂದೆ ಮುಚ್ಚಿದ ಒಂದು ಬಾಗಿಲಿದೆ. ಇದನ್ನು ಓದುವಾಗ ನಮ್ಮ ಊರುಗಳನ್ನು ಮರೆಯಲು ನನಗಾಗುವುದಿಲ್ಲ. ಹಲಗೆ ಬಾರಿಸುವವರು ಯಾರು, ಗುಡಿಯ ಒಳಗೆ ಕೂತು ಹಾಡುವವರು ಯಾರು ಅನ್ನುವುದನ್ನು ನಮ್ಮಲ್ಲಿಯೂ ಬಹಳ ಕಾಲ ಜಾತಿಯೇ ತೀರ್ಮಾನಿಸಿತು. ಕೈಯಲ್ಲಿ ಎಂಥ ವಿದ್ಯೆ ಇದ್ದರೂ ವಾದ್ಯ ಆರಿಸಿಕೊಳ್ಳುವ ಹಕ್ಕು ಇರಲಿಲ್ಲ.

ಹಿಡಿದ ಮೇಲೆ ಮಿಂಗಸ್ ಅದನ್ನು ತಪಸ್ಸಿನಂತೆ ಕಲಿತರು. ಅದು ಸುಲಭದ ವಾದ್ಯವಲ್ಲ. ಎತ್ತರ ಸುಮಾರು 6 ಅಡಿ. ನಾಲ್ಕು ದಪ್ಪ ತಂತಿ. ಒಂದು ತಂತಿಯನ್ನು ಸ ಅಂದುಕೊಂಡರೆ ಮುಂದಿನದು ಅದರ ಮ. ಚೆಲ್ಲೊದಲ್ಲಿ ತಂತಿಗಳ ನಡುವೆ ಸ-ಪ ಅಂತರ, ಹಾಗಾಗಿ ಬೆರಳುಗಳಿಗೆ ಹಾದಿ ಹೊಸದಾಗಿ ಕಲಿಸಬೇಕು. ಗಿಟಾರಿಗಿರುವ ಹಾಗೆ ಕೊರಳಿನ ಮೇಲೆ ಲೋಹದ ಪಟ್ಟಿಗಳಿಲ್ಲ, ಕಿವಿ ನಂಬಿ ಬೆರಳಿಡಬೇಕು. ಜಾಝ್‌ನಲ್ಲಿ ಕಮಾನಿಗಿಂತ ಬಲಗೈ ಬೆರಳಿಂದ ಮೀಟುವುದೇ ಜಾಸ್ತಿ. ಬೊಬ್ಬೆ ಎದ್ದು, ಒಡೆದು, ಗಟ್ಟಿಯಾಗುವವರೆಗೆ ಬಿಡುವಂತಿಲ್ಲ. ಮೊದಲು ರೆಡ್ ಕ್ಯಾಲೆಂಡರ್ ಎಂಬ ಜಾಝ್ ವಾದಕರ ಬಳಿ ಪಾಠವಾಯಿತು. ಆಮೇಲೆ ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್ ವಾದ್ಯಮೇಳದಲ್ಲಿ ಬೇಸ್ ನುಡಿಸಿದ್ದ ಹರ್ಮನ್ ರೈನ್‌ಶಾಗನ್ ಅವರ ಬಳಿ ಐದು ವರ್ಷ. ಮೇಳದ ಬಾಗಿಲು ಮುಚ್ಚಿದ್ದರೂ ಮೇಳದ ವಿದ್ಯೆಯನ್ನು ಬಿಡಲಿಲ್ಲ ನೋಡಿ. ಸ್ವರ ರಚನೆಯನ್ನೂ ಕಲಿತರು. ಹದಿಹರೆಯದಲ್ಲಿ ಬರೆದ ‘ಹಾಫ್-ಮಾಸ್ಟ್ ಇನ್‌ಹಿಬಿಷನ್’ ಎಂಬ ಕೃತಿ ದೊಡ್ಡ ಮೇಳದೊಂದಿಗೆ ಧ್ವನಿಮುದ್ರಣವಾಗಿದ್ದು 1960ರಲ್ಲಿ, ಸುಮಾರು ಇಪ್ಪತ್ತು ವರ್ಷ ಕಾದು.

1940ರ ದಶಕದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್, ಲಯನೆಲ್ ಹ್ಯಾಂಪ್ಟನ್ ಅವರಂಥ ಹೆಸರಾಂತರ ಮೇಳಗಳಲ್ಲಿ ನುಡಿಸಿದರು. ನಡುವೆ ಸಂಗೀತದಿಂದ ಹೊಟ್ಟೆ ತುಂಬದೆ ಅಂಚೆ ಇಲಾಖೆಯಲ್ಲೂ ಕೆಲಸ ಮಾಡಿದರು. ಬಳಿಕ ವೈಬ್ರಾಫೋನ್ ಎಂಬ ಲೋಹದ ಪಟ್ಟಿಗಳ ವಾದ್ಯದ ರೆಡ್ ನಾರ್ವೊ, ಗಿಟಾರಿನ ಟಾಲ್ ಫಾರ್ಲೊ ಜೊತೆ ಮೂವರ ಮೇಳ. 1951ರ ಹೊತ್ತಿಗೆ ನ್ಯೂಯಾರ್ಕ್. ಮರುವರ್ಷ ಡ್ರಮ್ಮರ್ ಮ್ಯಾಕ್ಸ್ ರೋಚ್ ಜೊತೆ ಸೇರಿ ಡೆಬ್ಯೂ ಎಂಬ ಸ್ವಂತ ರೆಕಾರ್ಡ್ ಕಂಪನಿಯನ್ನೇ ತೆಗೆದರು. ಕಲಾವಿದರೇ ತಮ್ಮ ದನಿಯ ಒಡೆಯರಾಗಬೇಕು ಅನ್ನುವುದು ಅವರ ಹಟ.

ಆ ಕಂಪನಿಯ ಹೆಸರು ಇವತ್ತಿಗೂ ಉಳಿದಿರುವುದು ಒಂದು ರಾತ್ರಿಯಿಂದ. 1953ರ ಮೇ 15, ಕೆನಡಾದ ಟೊರಾಂಟೊದ ಮ್ಯಾಸಿ ಹಾಲ್. ಚಾರ್ಲಿ ಪಾರ್ಕರ್, ಡಿಜ್ಜಿ ಗಿಲೆಸ್ಪಿ, ಬಡ್ ಪೊವೆಲ್, ಮ್ಯಾಕ್ಸ್ ರೋಚ್, ಮಿಂಗಸ್. ಆ ಕಾಲದ ಐವರು ದಿಗ್ಗಜರು ಒಂದೇ ವೇದಿಕೆಯಲ್ಲಿ. ಮುದ್ರಣ ಕೇಳಿದಾಗ ನೋಡಿದರೆ ಬೇಸ್ ಸರಿಯಾಗಿ ಕೇಳುತ್ತಲೇ ಇಲ್ಲ. ಮಿಂಗಸ್ ಸ್ಟುಡಿಯೊಗೆ ಹೋಗಿ, ಆ ಟೇಪಿನ ಮೇಲೆ ತಮ್ಮ ಬೇಸ್ ಮತ್ತೆ ನುಡಿಸಿ ಸೇರಿಸಿದರು. ಕಾಕಾ ಫೋನಿನಲ್ಲಿ ಹುಡುಕಿ ಸಿಗದ ಮನುಷ್ಯ ಅವತ್ತು ತಮ್ಮದೇ ಟೇಪಿನಲ್ಲಿ ತಮ್ಮನ್ನೇ ಹುಡುಕಿಕೊಳ್ಳಬೇಕಾಯಿತು. ಬೇಸ್ ನುಡಿಸುವವರ ಬದುಕು ಎಷ್ಟೋ ಸಲ ಹೀಗೆಯೇ. ಇದ್ದಾಗ ಗಮನಕ್ಕೆ ಬರುವುದಿಲ್ಲ, ಇಲ್ಲದಾಗ ಹಾಡೆಲ್ಲ ತೇಲಿಹೋದ ಹಾಗೆ ಕೇಳುತ್ತದೆ.

ನನಗೆ ಮಿಂಗಸ್ ಬಗ್ಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಅವರು ಕಲಿಸಿದ ರೀತಿ. 1950ರ ದಶಕದ ನಡುವಿಗೆ ಅವರಿಗೆ ಸ್ವರಲಿಪಿ ಚೆನ್ನಾಗಿ ಬರುತ್ತಿತ್ತು, ದೊಡ್ಡ ದೊಡ್ಡ ಕೃತಿ ಬರೆಯಬಲ್ಲವರಾಗಿದ್ದರು. ಆದರೂ ತಮ್ಮ ‘ಜಾಝ್ ವರ್ಕ್‌ಶಾಪ್’ ಮೇಳದಲ್ಲಿ ಕಾಗದ ಹಂಚುವುದನ್ನು ಬಿಟ್ಟು ಸಾಲು ಸಾಲಾಗಿ ಹಾಡಿ, ಪಿಯಾನೋದಲ್ಲಿ ನುಡಿಸಿ ಹೇಳಿಕೊಡುತ್ತಿದ್ದರು. ಕಾಗದ ನೋಡಿದರೆ ವಾದಕರು ಬರೆದಷ್ಟನ್ನೇ ನುಡಿಸುತ್ತಾರೆ, ಕಿವಿಯಿಂದ ಕಲಿತರೆ ಆ ಸಾಲು ಅವರ ಸ್ವಂತದ್ದಾಗುತ್ತದೆ ಅನ್ನುವುದು ಅವರ ನಂಬಿಕೆ. 1956ರ ‘ಪಿಥೆಕ್ಯಾಂಥ್ರೊಪಸ್ ಎರೆಕ್ಟಸ್’ ಹೀಗೆ ಕಲಿಸಿದ್ದು.

ನಮ್ಮ ಕಡೆ ಇದಕ್ಕೆ ವಿವರಣೆಯೇ ಬೇಡ. ಬಯಲಾಟದ ಮಾಸ್ತರರು ತಿಂಗಳುಗಟ್ಟಲೆ ಊರಲ್ಲಿ ಉಳಿದು, ಹಗಲು ಹೊಲದಲ್ಲಿ ದುಡಿದು ಬಂದವರಿಗೆ ರಾತ್ರಿ ಒಂದೊಂದೇ ಸಾಲು ಬಾಯಿಪಾಠ ಮಾಡಿಸುತ್ತಾರೆ. ಬಳ್ಳಾರಿ ಸೀಮೆಯ ದರೋಜಿಯ ಈರಮ್ಮ ಓದು ಬರಹ ಇಲ್ಲದೆಯೇ ರಾತ್ರಿಗಟ್ಟಲೆ ಬುರ್ರಕಥೆ ಹಾಡಿದರು. 2025ರಲ್ಲಿ ಪದ್ಮಶ್ರೀ ಪಡೆದ ನಮ್ಮ ಕೊಪ್ಪಳದ ಮೋರನಾಳದ ಭೀಮವ್ವ ತೊಗಲುಗೊಂಬೆಯ ರಾಮಾಯಣ, ಮಹಾಭಾರತವನ್ನು ಹಿರಿಯರಿಂದ ಕೇಳಿಯೇ ಕಲಿತವರು. ಇಂಥ ಕಲಿಕೆಯನ್ನು ಬಡ ಕಲಿಕೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಓದು ಬರಹ ಎರಡೂ ಬಲ್ಲ ಮಿಂಗಸ್ ಬೇಕು ಅಂತಲೇ ಕಿವಿಯ ದಾರಿ ಆರಿಸಿಕೊಂಡರು ಅನ್ನುವುದು ನನಗೆ ಬಹಳ ದೊಡ್ಡ ಮಾತು.

ಮೇಳವನ್ನು ಅವರು ನಡೆಸುತ್ತಿದ್ದುದೂ ಬೇಸ್‌ನಿಂದಲೇ. ಕೂಗಿ ಹುರಿದುಂಬಿಸುತ್ತಿದ್ದರು, ನಡುವೆ ಲಯ ಎರಡರಷ್ಟು ಮಾಡುತ್ತಿದ್ದರು, ಇದ್ದಕ್ಕಿದ್ದಂತೆ ಇಳಿಸುತ್ತಿದ್ದರು. ಇದಕ್ಕೆ ಜೊತೆಯಾದವರು ಡ್ಯಾನಿ ರಿಚ್ಮಂಡ್. ಮೊದಲು ಸ್ಯಾಕ್ಸೊಫೋನ್ ಊದುತ್ತಿದ್ದ ಅವರು ಮಿಂಗಸ್ ಕೈಯಲ್ಲಿ ಡ್ರಮ್ಮರ್ ಆಗಿ ಬೆಳೆದರು. ಸುಮಾರು 20 ವರ್ಷ ಇಬ್ಬರೂ ಜೊತೆ ನುಡಿಸಿದರು. ತಬಲಾದವನಾಗಿ ಹೇಳುತ್ತೇನೆ, ಹಾಡಿನ ನಡುವೆ ಲಯ ಮುರಿದು ಮತ್ತೆ ಕೂಡಿಸುವುದು ಒಬ್ಬರ ಉಸಿರು ಇನ್ನೊಬ್ಬರಿಗೆ ಗೊತ್ತಿದ್ದರೆ ಮಾತ್ರ ಆಗುವ ಕೆಲಸ.

ಮಿಂಗಸ್ ಸಿಟ್ಟಿನ ಮನುಷ್ಯ ಕೂಡ. ಅದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ಹುಡುಗನಾಗಿದ್ದಾಗ ರೇಡಿಯೊದಲ್ಲಿ ಕೇಳಿ ಬೆರಗಾಗಿದ್ದ ಡ್ಯೂಕ್ ಎಲಿಂಗ್ಟನ್ ಅವರ ಮೇಳಕ್ಕೆ 1953ರಲ್ಲಿ ಸೇರಿದರು. ಕೆಲವೇ ದಿನಗಳಲ್ಲಿ ಸಹವಾದಕರ ಜೊತೆ ಜಗಳವಾಗಿ ಹೊರಬೀಳಬೇಕಾಯಿತು. 1962ರಲ್ಲಿ ತಮ್ಮದೇ ಮೇಳದ ಟ್ರಾಂಬೋನ್ ವಾದಕ ಜಿಮ್ಮಿ ನೆಪ್ಪರ್ ಅವರಿಗೆ ಹೊಡೆದು ಹಲ್ಲು ಮುರಿದರು. ಊದುವವರಿಗೆ ಹಲ್ಲು ಅಂದರೆ ಅನ್ನ. ಇದಕ್ಕೆ ಸಮರ್ಥನೆ ಇಲ್ಲ.

ಆದರೆ ಅದೇ ಸಿಟ್ಟು ಸರಿಯಾದ ಕಡೆ ತಿರುಗಿದ್ದೂ ಇದೆ. 1957ರಲ್ಲಿ ಅರ್ಕಾನ್ಸಾ ರಾಜ್ಯದ ಲಿಟಲ್ ರಾಕ್ ಊರಿನ ಪ್ರೌಢಶಾಲೆಗೆ ಒಂಬತ್ತು ಕಪ್ಪು ಮಕ್ಕಳು ಸೇರಬೇಕಿತ್ತು. ಆ ಮಕ್ಕಳನ್ನು ತಡೆಯಲು ರಾಜ್ಯದ ಗವರ್ನರ್ ಓರ್ವಲ್ ಫಾಬಸ್ ಸಶಸ್ತ್ರ ಪಡೆ ನಿಲ್ಲಿಸಿದ. ಮಿಂಗಸ್ ಅವನ ಹೆಸರು ಹಿಡಿದೇ ‘ಫೇಬಲ್ಸ್ ಆಫ್ ಫಾಬಸ್’ ಮಾಡಿದರು. 1959ರ ಮುದ್ರಣದಲ್ಲಿ ದೊಡ್ಡ ರೆಕಾರ್ಡ್ ಕಂಪನಿ ಅದರ ಮಾತುಗಳಿಗೆ ಒಪ್ಪಲಿಲ್ಲ, ಬರೀ ವಾದ್ಯ ಬಂತು. ಮರುವರ್ಷ ಸಣ್ಣ ಕಂಪನಿಯೊಂದಕ್ಕೆ ಮಾತುಗಳ ಸಮೇತ ಹಾಡಿದರು. ಮಿಂಗಸ್ ಸಾಲು ಕೂಗುತ್ತಾರೆ, ಡ್ಯಾನಿ ರಿಚ್ಮಂಡ್ ಉತ್ತರ ಕೊಡುತ್ತಾರೆ. ಮತ್ತೆ ಅದೇ ಚರ್ಚಿನ ಕರೆ-ಉತ್ತರ.

1977ರಲ್ಲಿ ಅವರಿಗೆ ಎಎಲ್‌ಎಸ್ ಎಂಬ ನರರೋಗ ಇರುವುದು ಗೊತ್ತಾಯಿತು. ಕೈಕಾಲಿನ ಶಕ್ತಿ ಒಂದೊಂದಾಗಿ ಹೋಗುವ ರೋಗ. ಬೇಸ್ ಮೀಟಲು ಆಗಲಿಲ್ಲ. ಬರೆಯಲೂ ಆಗಲಿಲ್ಲ. ಗಾಲಿಕುರ್ಚಿಯಲ್ಲಿ ಕೂತು ಟೇಪ್ ರೆಕಾರ್ಡರಿಗೆ ಸಾಲುಗಳನ್ನು ಹಾಡಿ ಕೃತಿ ರಚಿಸಿದರು. 1979ರ ಜನವರಿ 5ರಂದು ಮೆಕ್ಸಿಕೊದ ಕುವೆರ್ನವಾಕಾದಲ್ಲಿ ತೀರಿಕೊಂಡಾಗ 56 ವರ್ಷ. ಅವರ ಬಯಕೆಯಂತೆ ಹೆಂಡತಿ ಸೂ, ಚಿತಾಭಸ್ಮವನ್ನು ಭಾರತಕ್ಕೆ ತಂದು ಗಂಗೆಯಲ್ಲಿ ಬಿಟ್ಟರು. ಸತ್ತ ಮೇಲೆ ಸಿಕ್ಕ ಹಾಳೆಗಳಿಂದ ‘ಎಪಿಟಾಫ್’ ಎಂಬ ಎರಡು ಗಂಟೆಗೂ ಮೀರಿದ ಕೃತಿಯನ್ನು ಜೋಡಿಸಿ, 1989ರಲ್ಲಿ ನ್ಯೂಯಾರ್ಕಿನಲ್ಲಿ 30 ಜನರ ಮೇಳ ನುಡಿಸಿತು.

ಈಗ ಕೇಳುವ ವಿಚಾರ. ಇಯರ್‌ಫೋನ್ ಇಲ್ಲದೆ ಕೂರಬೇಡಿ. ಮೊದಲು 1957ರ ‘ಹೈಟಿಯನ್ ಫೈಟ್ ಸಾಂಗ್’ ಹಾಕಿ. ಶುರುವಿಗೆ ಬೇಸ್ ಒಂದೇ ಇರುತ್ತದೆ, ಹಾಗಾಗಿ ಅದರ ದನಿ ಕಿವಿಗೆ ಗುರುತಾಗುತ್ತದೆ. ಉಳಿದವರು ಒಬ್ಬೊಬ್ಬರಾಗಿ ಸೇರಿದ ಮೇಲೂ ಆ ದನಿಯ ಕೈ ಬಿಡಬೇಡಿ. ಆಮೇಲೆ ‘ಮಿಂಗಸ್ ಆ ಅಮ್’ ಎಂಬ 1959ರ ರೆಕಾರ್ಡಿನ ಮೊದಲ ಕೃತಿ ‘ಬೆಟರ್ ಗಿಟ್ ಇಟ್ ಇನ್ ಯುವರ್ ಸೋಲ್’. ಇದು ಆರರ ಎಣಿಕೆ. ದಾದ್ರಾ ತಾಳ ಗೊತ್ತಿದ್ದವರು ತೊಡೆ ತಟ್ಟುತ್ತ ಕೂರಬಹುದು. ನಡುವೆ ಕೂಗುವುದು ಮಿಂಗಸ್ ಅವರೇ.

ಅದೇ ರೆಕಾರ್ಡಿನಲ್ಲಿರುವ ‘ಗುಡ್‌ಬೈ ಪೋರ್ಕ್ ಪೈ ಹ್ಯಾಟ್’ ಅನ್ನು ರಾತ್ರಿ ಎಲ್ಲರೂ ಮಲಗಿದ ಮೇಲೆ ಕೇಳಿ. ಆ ವರ್ಷ ಮಾರ್ಚಿನಲ್ಲಿ ತೀರಿಕೊಂಡ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಅವರ ನೆನಪಿಗೆ ಮಾಡಿದ್ದು. ಹೆಸರಿನಲ್ಲಿರುವುದು ಅವರು ಹಾಕುತ್ತಿದ್ದ ಟೋಪಿ. ಮೇಲಿನ ಸಾಲು ಬಹುಪಾಲು ಐದೇ ಸ್ವರಗಳ ಸುತ್ತ ಸುಳಿಯುತ್ತದೆ: ಸ, ಕೋಮಲ ಗ, ಮ, ಪ, ಕೋಮಲ ನಿ. ಧಾನಿ ರಾಗ ಕೇಳಿದವರಿಗೆ ಗುರುತು ಹತ್ತಬಹುದು. ಹಾದಿ ಅದೇ ಹನ್ನೆರಡು ಆವರ್ತನದ್ದು, ಆದರೆ ಇಲ್ಲಿ ಕೆಳಗಿನ ನೆಲ ಬಹುತೇಕ ಎರಡೆರಡು ಮಾತ್ರೆಗೆ ಬದಲಾಗುತ್ತದೆ. ಐದೇ ಸ್ವರಗಳು ಅಷ್ಟು ನೆಲಗಳ ಮೇಲೆ ನಿಂತು ಅಷ್ಟು ಬಗೆಯಲ್ಲಿ ಮಾತಾಡುತ್ತವೆ. ಕಾಕಾ ಈ ಸಾಲನ್ನು ಪೇಟಿಯಲ್ಲಿ ಹಿಡಿಯಲು ಎರಡು ಸೋಮವಾರ ತಗೊಂಡರು. ಮೂರನೆಯ ಸೋಮವಾರ ನನ್ನನ್ನು ಪಕ್ಕ ಕೂರಿಸಿಕೊಂಡು, “ತಬಲಾ ಬಾಜೂಕ ಇಡು. ಕೆಳಗಿನ ಮನಿ ನೀ ಒತ್ತು, ಹಾಡು ನಾ ನೋಡ್ಕೋತೀನಿ” ಅಂದರು.